ಸದ್ದಿಲ್ಲದ ಮೋಟಾರು

ಬಾಗಿಲಿಗೆ ಹೂಬಳ್ಳಿ ಕೆತ್ತುವ, ಫ್ಲಾಪಿ ಹಾಕಿ ನಡೆಸುತ್ತಿದ್ದ ಹಳೆಯ ಸಿಎನ್‌ಸಿ ಮಷಿನ್ನಿಗೆ ಹೊಸ ಮೋಟಾರು, ಕಂಟ್ರೋಲರ್ ಕೂರಿಸಲು ರಾಣೆಬೆನ್ನೂರಿಗೆ ಹೋಗಿದ್ದೆ. ಮಾಲೀಕರು ಮೌನೇಶಣ್ಣ, ಬಡಿಗತನದಲ್ಲೇ ಕೂದಲು ಹಣ್ಣಾದವರು. ಮೊದಲು ಕಿರುಚುತ್ತ ಓಡಾಡುತ್ತಿದ್ದ ಮಷಿನ್ನು ಈಗ ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತಿತ್ತು. ನಾನು ಹೊಗಳಿಕೆಗೆ ಕಾದು ನಿಂತೆ.

"ಇದರ ದನಿ ಎಲ್ಲಿ ಹೋತ್ರಿ?" ಎಂದರು ಅವರು. "ಕಟರ್ ತಿರುಗೂದು ಕೇಳತೈತಿ, ಮಷಿನ್ ನಡಿಯೂದು ಕೇಳವಲ್ದು. ನಡುವ ನಿಂತ್ರ ಕಟರ್ ಅಲ್ಲೇ ತಿರುಗಿ ಕಟ್ಟಿಗಿ ಸುಡತೈತಿ. ನಾ ಹೊರಗ ಹೋಗಿ ಚಾ ಕುಡಿಯೂದು ಹೆಂಗ?"

"ಇದು ನಿಲ್ಲೂದ ಇಲ್ರಿ," ಎಂದೆ.

ಅವರು ಮನೆಯಿಂದ ಎತ್ತಿನ ಕೊರಳಗಂಟೆ ತಂದು, ಕಟರ್ ಹೊತ್ತು ಓಡಾಡುವ ತೊಲೆಗೆ ಕಟ್ಟಿದರು. ನನಗೆ ಒಳಗೊಳಗೇ ಸಿಟ್ಟು. ಸಾಗವಾನಿ ಬಾಗಿಲು ಮಲಗಿಸಿ, ಕೆಲಸ ಶುರು ಮಾಡಿ, ಎದುರಿನ ಅಂಗಡಿಗೆ ಚಹಾಕ್ಕೆ ಹೋದೆವು.

ಅರ್ಧ ಚಹಾ ಆಗಿರಲಿಲ್ಲ, ಗಂಟೆಯ ಸದ್ದು ನಿಂತಿತು. ನಾನು ಗ್ಲಾಸು ಕೆಳಗಿಡುವಷ್ಟರಲ್ಲಿ ಅವರು ರಸ್ತೆ ದಾಟಿ ಸ್ವಿಚ್ ಆಫ್ ಮಾಡಿದ್ದರು. ಬಾಗಿಲಿನ ಮೇಲೆ ಕಡಲೆಕಾಳಿನಷ್ಟು ಕಪ್ಪು ಕಲೆ, ಅಷ್ಟೇ. ತೊಲೆ ಓಡಿಸುವ ಹೊಸ ಮೋಟಾರಿಗೆ ನಾನು ಸರಿಯಾಗಿ ಬಿಗಿಯದ ಒಂದು ವೈರು ಕಳಚಿಕೊಂಡಿತ್ತು.

"ಚಾ ಆರತೈತಿ, ಬರ್ರಿ," ಎಂದರು ಮೌನೇಶಣ್ಣ.

ಮುಂದಿನ ವಾರ ಬ್ಯಾಡಗಿಯಲ್ಲಿ ಇಂಥದೇ ಕೆಲಸವಿತ್ತು. ಹೊರಡುವ ಮೊದಲು ಸಂತೆಗೆ ಹೋಗಿ ಎತ್ತಿನ ಗಂಟೆಯೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡೆ.