ಬೆಚ್ಚಗಾಗಲು ಒಂದು ಗಂಟೆ

ಮೆಲ್ಬರ್ನ್ ಹೊರವಲಯದ ಟ್ರುಗನಿನಾದಲ್ಲಿ ಮನೆ ಕಟ್ಟಿಸುವಾಗ ನಾನು ಬಚ್ಚಲಿನ ಟೈಲ್ಸ್ ಕೆಳಗೆ ನೆಲ ಬಿಸಿ ಮಾಡುವ ಕರೆಂಟಿನ ತಂತಿ ಹಾಸಿಸಿದೆ. ಹೆಂಡತಿಗೆ ಬೇಕಿದ್ದದ್ದು ದೊಡ್ಡ ಅಡುಗೆಮನೆ. ಆದರೆ ಇಲ್ಲಿ ನಡುಚಳಿಗಾಲವಾದ ಜುಲೈಯಲ್ಲಿ ಉಡುಪಿಯಿಂದ ಅಮ್ಮ ಬರುವವಳಿದ್ದಳು. ಅವಳ ಒಡೆದ ಹಿಮ್ಮಡಿಗೆ ಮೆಲ್ಬರ್ನಿನ ಚಳಿ ತಾಗಬಾರದೆಂಬುದು ನನ್ನ ಹಟ. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ನೆಲದ್ದು ಕುಂಭಕರ್ಣನ ವಂಶ. ಸ್ವಿಚ್ ಹಾಕಿದ ಮೇಲೆ ಬೆಚ್ಚಗಾಗಲು ಪೂರಾ ಒಂದು ಗಂಟೆ. ಟೈಮರ್ ಇತ್ತು, ಆದರೆ ಅದು ನಾನು ಹೇಳಿದ ಹೊತ್ತಿಗೆ ಒಮ್ಮೆಯೂ ಏಳಲಿಲ್ಲ. ನಾವೆಲ್ಲ ಹೊರಗೆ ಹೋದ ಮೇಲೆ ಖಾಲಿ ಬಚ್ಚಲನ್ನು ಬೆಚ್ಚಗಿಡುತ್ತಿತ್ತು. ಅಮ್ಮನ ಸ್ನಾನ ಬೆಳಿಗ್ಗೆ ಆರಕ್ಕೆ. ಹಾಗಾಗಿ ಐದಕ್ಕೆ ಎದ್ದು ಸ್ವಿಚ್ ಹಾಕುವ ಸೇವೆ ನನ್ನ ಪಾಲಿಗೆ ಬಂತು.

"ಹೇಗುಂಟು ಅಮ್ಮ?" ಎಂದು ದಿನಾ ಕೇಳುತ್ತಿದ್ದೆ.

"ಚಂದ ಉಂಟು ಮಗ," ಎನ್ನುತ್ತಿದ್ದಳು.

ಮನೆಗೆ ಬಂದವರಿಗೆಲ್ಲ ದೇವರ ಕೋಣೆಗಿಂತ ಮೊದಲು ಬಚ್ಚಲಿನ ದರ್ಶನ. ಊರಿನ ಇನ್ನೊಂದು ಮೂಲೆಯ ಕ್ಲೇಟನ್ ಬಡಾವಣೆಯ ಗೆಳೆಯನೊಬ್ಬ ಒಳಗೆ ನಿಂತು, "ವಾವ್, ಎಷ್ಟು ವಾರ್ಮ್ ಆಗಿದೆ ಮಗಾ! ನಾವೂ ಹಾಕಿಸ್ಬೇಕು" ಅಂದ. ಅವನು ಬಂದ ಹೊತ್ತಿಗೆ ಸ್ವಿಚ್ ಆರಿಸಿ ಗಂಟೆಗಳೇ ಆಗಿದ್ದವು. ಆದರೂ ಉಬ್ಬಿದೆ.

ಮೂರನೇ ವಾರ ಒಂದು ಬೆಳಿಗ್ಗೆ ಏಳಲು ತಡವಾಯಿತು. ಓಡಿಹೋಗಿ ಸ್ವಿಚ್ ಹಾಕಿ ಹತ್ತು ನಿಮಿಷವಾಗಿತ್ತೋ ಇಲ್ಲವೋ, ಅಮ್ಮ ಟವೆಲ್ ಹಿಡಿದು ಬಂದಳು. ಬಾಗಿಲಲ್ಲಿದ್ದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಒಳಗೆ ಕಾಲಿಟ್ಟಳು. ನನಗೆ ಆಗ ಹೊಳೆಯಿತು.

"ಅಮ್ಮ, ದಿನಾ ಚಪ್ಪಲಿ ಹಾಕಿಯೇ ಸ್ನಾನವಾ?"

"ಮತ್ತೆಂತ? ಬಚ್ಚಲಿಗೆ ಬರಿಗಾಲಲ್ಲಿ ಹೋಗ್ತಾರಾ? ಅದೂ ಕರೆಂಟಿನ ನೆಲ! ಶಾಕ್ ಹೊಡೆದ್ರೆ?"

"ಮತ್ತೆ ಚಂದ ಉಂಟು ಅಂತಿದ್ದಿಯಲ್ಲ?"

"ನೀನು ಅಷ್ಟು ಬೇಗ ಎದ್ದು ಕೇಳ್ತಿದ್ದಿ. ಇಲ್ಲ ಅಂತ ಹೇಗೆ ಹೇಳುದು?"

ನನಗೆ ಸಿಟ್ಟು ಬಂತು. "ಶಾಕೂ ಇಲ್ಲ, ಎಂತದೂ ಇಲ್ಲ. ನಾನು ನಿಂತಿಲ್ವಾ ಇಲ್ಲಿ?"

ಅಮ್ಮ ನನ್ನ ಕಾಲು ನೋಡಿದಳು. ನಾನೂ ನೋಡಿದೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಊರಿನಿಂದ ಅವಳೇ ತಂದದ್ದು. ಆ ನೆಲವನ್ನು ನಾನೂ ಅಂಗೈಯಿಂದ ಮುಟ್ಟಿ ನೋಡಿದ್ದೆನೇ ಹೊರತು ಒಂದು ದಿನವೂ ಬರಿಗಾಲಲ್ಲಿ ಮೆಟ್ಟಿರಲಿಲ್ಲ.

ಚಪ್ಪಲಿ ಬಿಟ್ಟು ನಿಂತೆ. ನೆಲ ಮಂಜುಗಡ್ಡೆ.

"ಬಿಸಿ ಉಂಟಾ?"

"ಉಂಟು," ಅಂದೆ.

ಅಮ್ಮ ಗೋಡೆ ಹಿಡಿದು, ಒಂದೊಂದಾಗಿ ಚಪ್ಪಲಿ ಕಳಚಿ, ಒಡೆದ ಹಿಮ್ಮಡಿಗಳನ್ನು ಟೈಲ್ಸಿನ ಮೇಲೆ ಊರಿದಳು. ಕಾಲ್ಬೆರಳುಗಳು ಮುದುಡಿದವು.

"ಹೌದು ಮಗ," ಅಂದಳು. "ಚಂದ ಉಂಟು."