ಆರನೆಯ ಸೈನ್ಯದ ಬಣ್ಣ

ಬೆಳಕು ಈಗಷ್ಟೇ ಕಿಟಕಿಗೆ ಬಂದಿದೆ. ಅವಳು ಚಾಪೆಯ ಮೇಲೆ ಒಂದು ಬುಟ್ಟಿ ಮರದ ಕಾಯಿಗಳನ್ನು ಸುರಿಯುತ್ತಾಳೆ. ಬೆರಳ ತುದಿಯಷ್ಟಿರುವ ಸೈನಿಕರು. ಅರ್ಧ ಹಸಿರು, ಅರ್ಧ ಕಂದು. ಎದುರಿಗೆ ಗಂಡ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಹೊಸ್ತಿಲಲ್ಲಿ ಆರು ಬಣ್ಣದ ಕಾಯಿಗಳ ಆರು ಮೂಟೆ, ಬಾಗಿಲಲ್ಲಿ ಆಟದ ಕಂಪನಿಯ ಮಾಲೀಕ. ಬೀದಿಯಲ್ಲಿ ಅವನ ವ್ಯಾನಿನ ಇಂಜಿನ್ ಇನ್ನೂ ಆರಿಲ್ಲ.

"ಬೇಗ ಅಕ್ಕಾ. ಇವತ್ತು ಆರೂ ಬಣ್ಣ ಸಿಗ್ಲಿಲ್ಲ ಅಂದ್ರೆ ಮುಂದಿನ ಕೆಲಸ ಪ್ಲಾಸ್ಟಿಕ್‌ನವರಿಗೆ ಹೋಗುತ್ತೆ. ಆಮೇಲೆ ನನ್ನ ಬೈಬೇಡಿ."

ನಕ್ಷೆ ಹರಡಿ ಆಡುವ ಯುದ್ಧದಾಟಗಳಲ್ಲಿ ಪ್ರತಿ ಪಕ್ಷಕ್ಕೂ ಒಂದು ಬಣ್ಣ ಬೇಕು. ಪೆಟ್ಟಿಗೆಯ ಮೇಲೆ ಚಿತ್ರ ಬರೆದವರ ಹೆಸರಿರುತ್ತದೆ. ದಿನಕ್ಕೆ ಎರಡು ಸಾವಿರ ಕಾಯಿಗಳನ್ನು ಬಣ್ಣದ ಬಕೆಟ್ಟಿನಲ್ಲಿ ಅದ್ದಿ, ಜರಡಿಯಲ್ಲಿ ಒಣಗಿಸುವ ಈಕೆಯ ಹೆಸರಿಲ್ಲ. "ನಾಲ್ಕು ಬಣ್ಣದ ತನಕ ಯಾರು ಬೇಕಾದ್ರೂ ಮಾಡ್ತಾರೆ," ಎನ್ನುತ್ತಾಳೆ. "ಐದು, ಆರು ಅಂದಾಗ ಒಂದರ ಮನೆಗೆ ಇನ್ನೊಂದು ನುಗ್ಗುತ್ತೆ."

ಆ ನುಗ್ಗಾಟ ಮೊದಲು ತಿಳಿಯುವುದು ಗಂಡನಿಗೆ. ಹಸಿರು, ಕಂದು, ಕೆಂಪುಗಳ ನಡುವೆ ಅವನ ಕಣ್ಣು ತಡವರಿಸುತ್ತದೆ. ಹಿಂದೆ ಹಣ್ಣಿನಂಗಡಿಯಲ್ಲಿದ್ದಾಗ ಮಾಗಿದ್ದು ಯಾವುದೆಂದು ಬಣ್ಣದಲ್ಲಿ ತಿಳಿಯದೆ ಒತ್ತಿ ಒತ್ತಿ ನೋಡುತ್ತಿದ್ದ. ಹಣ್ಣು ಕೆಟ್ಟವು, ಕೆಲಸವೂ ಹೋಯಿತು. "ಊರಿಗೆ ಆಗದ ಕಣ್ಣು ನನಗೆ ಆಗಿಬಂತು. ಆಡೋರಲ್ಲೂ ಇಂಥ ಕಣ್ಣಿನವರು ಇರ್ತಾರಲ್ಲ," ಎಂದು ಅವಳು ನಗುತ್ತಾಳೆ. ಕೆಂಪನ್ನು ತಿಳಿಯಾಗಿಸಿ, ಹಸಿರನ್ನು ಗಾಢವಾಗಿಸಿದ್ದು ಅವನಿಗೆ ಬೇರೆಬೇರೆಯಾಗಿ ಕಾಣಲೆಂದೇ. ಎರಡು ಬಣ್ಣದ ಕಾಯಿಗಳನ್ನು ವಿಂಗಡಿಸುವಾಗ ಅವನು ಬೆರೆಸಿಬಿಟ್ಟ ಬಣ್ಣ ಈ ಮನೆಯಿಂದ ಹೊರಗೆ ಹೋಗುವುದಿಲ್ಲ.

ಇಂದು ಅವನು ಬೆರೆಸುತ್ತಿಲ್ಲ. ಹಸಿರು ಬಲಕ್ಕೆ, ಕಂದು ಎಡಕ್ಕೆ, ಒಂದೂ ತಪ್ಪಿಲ್ಲ. ಮಾಲೀಕ ನಿರಾಳವಾಗಿ ಉಸಿರು ಬಿಡುತ್ತಾನೆ. ಅವಳು ಮಾತ್ರ ಗಂಡನ ಹೆಬ್ಬೆರಳನ್ನೇ ನೋಡುತ್ತಿದ್ದಾಳೆ. ಪ್ರತಿ ಕಾಯಿಯನ್ನೂ ಅದು ಒಮ್ಮೆ ಸವರುತ್ತದೆ. ಕಂದು ಸರಿಯಾಗಿ ಹಿಡಿಯದೆ ಎರಡು ಸಲ ಅದ್ದಿದ್ದಳು; ಆ ಕಾಯಿಗಳ ಮೈ ತುಸು ತರಿತರಿ.

"ರೀ, ಕೈ ಹಿಂದಕ್ಕೆ ಕಟ್ಕೊಳ್ಳಿ."

"ಯಾಕೆ, ನಾನೇನು ಕದ್ನಾ?"

"ಮೇಜಿನ ಆ ತುದೀಲಿರೋ ಸೈನ್ಯನ ಯಾರಾದ್ರೂ ಮುಟ್ಟಿ ನೋಡ್ತಾರಾ? ಕಣ್ಣಲ್ಲೇ ನೋಡಿ ಹೇಳಿ. ಇದು ಯಾವ್ದು?" ಅವಳು ಒಂದು ಕಾಯಿ ಎತ್ತಿ ಹಿಡಿಯುತ್ತಾಳೆ.

ಅವನು ತಲೆ ತಗ್ಗಿಸುತ್ತಾನೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ.

"ನಿನ್ನ ಕೆಲಸ ಹೋಗುತ್ತಲ್ಲೇ," ಎನ್ನುತ್ತಾನೆ ಮೆಲ್ಲಗೆ. "ನನ್ನ ಕಣ್ಣಿಂದ ಒಂದು ಹೋಗಿದ್ದು ಸಾಲ್ದಾ?"

"ಇದು ಯಾವ್ದು ಅಂದೆ."

"...ಹಸಿರು."

ಅದು ಕಂದು.

"ಅಕ್ಕಾ, ನನಗೆ ಸೂರ್ಯನಷ್ಟು ಸ್ಪಷ್ಟವಾಗಿ ಕಾಣ್ತಿದೆ!" ಎನ್ನುತ್ತಾನೆ ಮಾಲೀಕ.

"ನಿಮಗೆ ಕಾಣುತ್ತೆ, ಸಾರ್." ಅವಳು ಕಂದು ಮೂಟೆಯನ್ನು ಹೊಸ್ತಿಲಿಂದ ಒಳಕ್ಕೆ ಎಳೆದುಕೊಳ್ಳುತ್ತಾಳೆ. "ಐದು ಮೂಟೆ ತಗೊಂಡ್ಹೋಗಿ. ಆರನೇದು ಹೊಸ ಕಾಯಿಗೆ ತಿಳಿ ಬೂದು ಹಾಕಿ ನಾಳೆ ಕೊಡ್ತೀನಿ."

ನಾಳೆ ಬರುತ್ತೇನೆಂದು ಮಾಲೀಕ ಹೇಳುವುದಿಲ್ಲ. ಐದು ಮೂಟೆ ಹೇರಿಕೊಂಡ ವ್ಯಾನು ತಿರುವು ದಾಟುತ್ತದೆ.

"ಬರ್ತಾನಾ?" ಗಂಡ ಕೇಳುತ್ತಾನೆ.

"ಯಾರಿಗ್ಗೊತ್ತು." ಅವಳು ಬಕೆಟ್ ತೊಳೆಯತೊಡಗುತ್ತಾಳೆ. "ಆಟ ಅಂದ್ಮೇಲೆ ಯಾರೋ ಒಬ್ರು ಸೋಲ್ಲೇಬೇಕು, ಸೋಲ್ಲಿ. ತನ್ನ ಸೈನ್ಯ ಯಾವ್ದು ಅಂತ ಗೊತ್ತಿದ್ದು ಸೋಲ್ಲಿ. ನನಗೆ ಅಷ್ಟು ಸಾಕು."