ನಾಲ್ಕೂರಿನ ಫೋಲ್ಡರ್ ಕಾಯುವ ರೇಣು

ಬೆಳಕು ಹರಿಯುವ ಹೊತ್ತಿಗೆ ಸಂಗೊಳ್ಳಿಯ ಮೊದಲ ಬಸ್ಸಿನಿಂದ ಬೈಲಹೊಂಗಲದಲ್ಲಿ ಇಳಿಯುವ ರೇಣು ನೇರವಾಗಿ ದವಾಖಾನೆಯ ಹಿಂದಿನ ಕೋಣೆಗೆ ಹೋಗುತ್ತಾರೆ. ಚಹಾ ಗಿಹಾ ಎಲ್ಲ ಆಮೇಲೆ. ಮೊದಲು ಆ ದಿನದ ಫೋಲ್ಡರ್ ಆಗಿದೆಯೇ ನೋಡಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದು ಟ್ರಸ್ಟ್ ಸಣ್ಣ ದವಾಖಾನೆಗಳನ್ನು ನಡೆಸುತ್ತಿದೆ. ಎಲುಬಿನ ಡಾಕ್ಟರು ಇರುವುದು ಬೈಲಹೊಂಗಲದಲ್ಲಿ ಮಾತ್ರ. ಎಲ್ಲಿ ಎಕ್ಸರೇ ತೆಗೆದರೂ ಚಿತ್ರ ಇಲ್ಲಿನ ವೆಬ್ ಸರ್ವರ್‌ಗೆ ಬರುತ್ತದೆ. ಸರ್ವರ್ ಅದನ್ನು ನಾಲ್ಕೂ ಊರಿನ ಕಂಪ್ಯೂಟರುಗಳಲ್ಲಿ ಹಂಚಿಡುತ್ತದೆ. ದಿನಕ್ಕೊಂದು ಹೊಸ ಫೋಲ್ಡರ್, ಅದೂ ನಾಲ್ಕೂ ಕಡೆ ಒಟ್ಟಿಗೆ ಆಗಬೇಕು; ಅದಾಗದೆ ಅಂದಿನ ಯಾವ ಚಿತ್ರವೂ ಒಳಗೆ ಸೇರುವುದಿಲ್ಲ. ಒಂದೂರು ಮುನಿಸಿಕೊಂಡರೂ ಪರದೆಯ ಮೇಲೆ ಕೆಂಪು ಅಕ್ಷರ: ಫೋಲ್ಡರ್ ಆಗಲಿಲ್ಲ.

ಅಪ್ಪ ಲಗಮಣ್ಣ ಕಬ್ಬಿನ ಲಾರಿ ತುಂಬಿ ಓದಿಸಿದ ಮಗಳು ರೇಣು. ಈ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಬಂದ ಹೊಸತರಲ್ಲಿ ಕಸ ಹೊಡೆಯಲು ಬಂದವಳೆಂದು ಅವರ ಕೈಗೆ ಕಸಬರಿಗೆ ಕೊಟ್ಟ ಪುಣ್ಯಾತ್ಮರೂ ಇದ್ದರಂತೆ. ಈಗ ಅವರೇ ಕೆಂಪು ಅಕ್ಷರ ಕಂಡರೆ ರೇಣು ಎಲ್ಲಿ ಎಂದು ಹುಡುಕುತ್ತಾರೆ.

2008ರಲ್ಲಿ ನವರಾತ್ರಿಗೆ ಮುಂಚಿನ ಮಹಾನವಮಿ ಅಮಾವಾಸ್ಯೆಯ ಬೆಳಗ್ಗೆ ರಾಮದುರ್ಗದಲ್ಲಿ ಸಿದ್ದಲಿಂಗವ್ವ ಎಂಬ ಅಜ್ಜಿ ಜಾರಿ ಬಿದ್ದರು. ಸೊಂಟ ಮುರಿದಿದ್ದರೆ ತಡಮಾಡದೆ ಬೆಳಗಾವಿಗೆ ಒಯ್ಯಬೇಕು. ಇಲ್ಲವಾದರೆ ಆ ನೋವಿನಲ್ಲಿ ಅಷ್ಟು ದೂರದ ಪ್ರಯಾಣವೇ ಬೇಡ. ಡಾಕ್ಟರು ಚಿತ್ರ ನೋಡಿ ಹೇಳಬೇಕಿತ್ತು. ಮೇಲ್‌ನಲ್ಲಿ ಕಳಿಸಲಾಗದಷ್ಟು ದೊಡ್ಡ ಚಿತ್ರ, ಸರ್ವರ್ ನೋಡಿದರೆ ಒಲ್ಲೆ ಅನ್ನುತ್ತಿದೆ. ರಾಮದುರ್ಗದ ಎಕ್ಸರೇ ಆಪರೇಟರ್ ಉಳವಪ್ಪ ಫೋನಿನಲ್ಲಿ ಜೀವ ತಿಂದರು: ನಿಮ್ಮ ಮಷಿನ್ನಿನಲ್ಲಿ ಒಂದು ಫೋಲ್ಡರ್ ಕೈಯಾರೆ ಮಾಡಿಬಿಡಿ, ಮುಗೀತಲ್ಲ! ಹಿಂದೊಮ್ಮೆ ಯಾರೋ ಹಾಗೆ ಮಾಡಿ, ಒಂದೂರಿನ ಫೋಲ್ಡರ್ ಉಳಿದ ಮೂರೂರಿಗೆ ಗೊತ್ತಾಗದೆ, ಇಡೀ ದಿನದ ಚಿತ್ರಗಳು ಕಾಣದಂತಾಗಿದ್ದವು. ರೇಣು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಉತ್ತರ ಕೊಡದಿದ್ದ ಊರು ಸವದತ್ತಿ. ಅಂದು ಅಮಾವಾಸ್ಯೆ, ಮಷಿನ್ನುಗಳಿಗೆ ಪೂಜೆ ಮಾಡುವ ದಿನ ಎಂಬುದು ರೇಣುಗೆ ತಟ್ಟನೆ ಹೊಳೆಯಿತು. ಫೋನ್ ಮಾಡಿದರೆ ಹಾಗೇ ಆಗಿತ್ತು: ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಅಂದಾನೆಪ್ಪ ಅದರ ವೈರು ಕಿತ್ತು, ಒರೆಸಿ, ವಿಭೂತಿ ಬಳಿದು ಪೂಜೆಗೆ ಕೂರಿಸಿದ್ದರು. ಮಂಗಳಾರತಿ ಆಗುವ ತನಕ ಮುಟ್ಟುವುದಿಲ್ಲ ಎಂದು ಅವರ ಹಟ.

"ಅಣ್ಣಾರ, ಪೂಜಾ ಬಿಡ್ರಿ ಅನ್ನಂಗಿಲ್ಲ. ಚಾಲೂ ಮಾಡಿ ಆರತಿ ಬೆಳಗ್ರಿ," ಎಂದರು ರೇಣು. "ಅಲ್ಲೊಬ್ಬಾಕಿ ಅಜ್ಜಿ ನರಳಾಕ ಹತ್ಯಾಳ."

ಅಂದಾನೆಪ್ಪ ಕರಗಿದರು. ಫೋಲ್ಡರ್ ನಾಲ್ಕೂ ಕಡೆ ಆಯಿತು, ಚಿತ್ರ ಬಂತು. ಸೊಂಟ ಮುರಿದೇ ಇತ್ತು. ಅಂದೇ ಬೆಳಗಾವಿಯಲ್ಲಿ ಆಪರೇಷನ್ ಆಗಿ, ಸಿದ್ದಲಿಂಗವ್ವ ಈಗ ಕೋಲೂರಿ ಓಣಿಯೆಲ್ಲ ಸುತ್ತುತ್ತಾರೆ ಎಂದು ಉಳವಪ್ಪ ಹೇಳುತ್ತಾರೆ.

"ಅಜ್ಜಿ ಮಾರಿ ನಾ ಇನ್ನೂ ನೋಡಿಲ್ರಿ," ಎಂದು ನಗುತ್ತಾರೆ ರೇಣು. "ಮುರದ ಎಲುಬಷ್ಟ ನೋಡೇನಿ. ಒಮ್ಮೆರ ಅಕಿ ನಡಿಯೂದು ನೋಡಬೇಕ್ರಿ."